ಪೋಷಕ ರಾಜಕಾರಣ ಮತ್ತು ಪಕ್ಷಗಳ ಮೇಲೆ ಪಿಎಚ್‌.ಡಿ.: ಒಂದು ಸಹಿಯ ಜಾಡು ಹಿಡಿದು ಹೋಗುವ ಬಗೆ

‘ಕರ್ನಾಟಕದಲ್ಲಿ ಪೋಷಕ ರಾಜಕಾರಣ ಮತ್ತು ರಾಜಕೀಯ ಪಕ್ಷಗಳು: ಒಂದು ಅಧ್ಯಯನ’ ಎಂಬ ಶೀರ್ಷಿಕೆಯೊಂದಿಗೆ ಹೊರಡುವ ವಿದ್ಯಾರ್ಥಿಯ ಮೊದಲ ವರ್ಷ ಓದಿನಲ್ಲಿ ಕಳೆಯುತ್ತದೆ, ಎರಡನೆಯದು ಏನನ್ನು ಅಳೆಯಬೇಕೆಂಬ ಗೊಂದಲದಲ್ಲಿ ಕಳೆಯುತ್ತದೆ, ಮೂರನೆಯ ವರ್ಷ ಪ್ರಶ್ನಾವಳಿ ಹಿಡಿದು ಊರೂರು ಸುತ್ತಿದ ಮೇಲೆ ‘ನಾಯಕರು ತಮ್ಮವರಿಗೆ ಮಾತ್ರ ಕೆಲಸ ಮಾಡಿಕೊಡುತ್ತಾರೆ ಎಂದು ಶೇಕಡಾ ಇಷ್ಟು ಜನ ಹೇಳಿದರು’ ಎಂಬ ವಾಕ್ಯಕ್ಕೆ ಬಂದು ನಿಲ್ಲುತ್ತದೆ. ಆ ವಾಕ್ಯ ಸಂಶೋಧನೆಗೆ ಮುಂಚೆಯೇ ಎಲ್ಲರಿಗೂ ಗೊತ್ತಿತ್ತು. ಸವಲತ್ತು, ಹುದ್ದೆ, ಶಿಫಾರಸುಗಳನ್ನು ಹಂಚಿ ಬೆಂಬಲ ಕಟ್ಟಿಕೊಳ್ಳುವ ಈ ಪೋಷಕ ರಾಜಕಾರಣದ (ಇಂಗ್ಲಿಷಿನ ‘ಪೇಟ್ರನೇಜ್’) ಮೇಲೆ ಕೆಲಸ ಮಾಡುವವರಿಗೆ ನನ್ನ ಸಲಹೆ ಒಂದೇ. ಸರ್ಕಾರದ ಯಾವುದಾದರೂ ಒಂದು ಸವಲತ್ತನ್ನು ಆರಿಸಿಕೊಳ್ಳಿ, ಕಾಯ್ದೆಯ ಪುಟದಿಂದ ಫಲಾನುಭವಿಯ ಕೈಯವರೆಗೆ ಅದರ ಹಿಂದೆ ನಡೆಯಿರಿ, ದಾರಿಯಲ್ಲಿ ಯಾರ ಸಹಿ ಅಥವಾ ಯಾರ ಮಾತು ಇಲ್ಲದೆ ಅದು ಮುಂದೆ ಹೋಗುವುದಿಲ್ಲವೋ ಅಲ್ಲಿ ನಿಂತು ನೋಡಿ. ಪೋಷಕ ರಾಜಕಾರಣ ವಾಸಿಸುವುದು ಅಲ್ಲಿ. ಪಕ್ಷ ಎಂಬುದು ಅಲ್ಲಿದೆಯೋ ಇಲ್ಲವೋ ಎಂಬುದೂ ತಿಳಿಯುವುದು ಅಲ್ಲಿಯೇ. ಮುಂದಿನ ಹೆಜ್ಜೆಗಳೆಲ್ಲ ಈ ಮಾತಿನ ವಿಸ್ತರಣೆ.

ಮೊದಲ ಹೆಜ್ಜೆ: ಪದಗಳನ್ನು ಬೇರ್ಪಡಿಸಿಕೊಳ್ಳುವುದು

ಈ ವಿಷಯಕ್ಕೆ ಕನ್ನಡದಲ್ಲಿ ಒಂದು ಒಪ್ಪಿತ ಪದ ಇನ್ನೂ ನೆಲೆಗೊಂಡಿಲ್ಲ. ಕೆಲವರು ‘ಆಶ್ರಯ ರಾಜಕಾರಣ’ ಎನ್ನುತ್ತಾರೆ, ಕೆಲವರು ‘ಕೃಪಾಪೋಷಿತ ರಾಜಕಾರಣ’ ಎನ್ನುತ್ತಾರೆ. ನಾನು ‘ಪೋಷಕ ರಾಜಕಾರಣ’ ಎಂಬುದನ್ನೇ ಬಳಸುತ್ತೇನೆ. ‘ಆಶ್ರಯ’ ಎಂದರೆ ನಮ್ಮ ಹಳ್ಳಿಗಳಲ್ಲಿ ವಸತಿ ಯೋಜನೆಯ ಹೆಸರಾಗಿ ರೂಢವಾಗಿರುವುದರಿಂದ, ಸಂದರ್ಶನದಲ್ಲಿ ಆ ಪದ ಬಂದ ಕೂಡಲೇ ಮಾತು ಮನೆ ಮಂಜೂರಾತಿಯ ಕಡೆಗೆ ಹರಿದುಬಿಡುತ್ತದೆ. ಯಾವ ಪದ ಆರಿಸಿಕೊಂಡರೂ, ಅದರೊಳಗೆ ಕಲಸಿಹೋಗುವ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಮೊದಲ ಅಧ್ಯಾಯದಲ್ಲಿಯೇ ಬಿಡಿಸಿಡಬೇಕು. ‘ನನಗೆ ಮತ ಹಾಕಿದರೆ ನಿನಗೆ ಈ ಸವಲತ್ತು, ಇಲ್ಲದಿದ್ದರೆ ಇಲ್ಲ’ ಎಂಬ ಷರತ್ತಿನ ವಿನಿಮಯ ಒಂದು. ಹಳೆಯ ಬೆಂಬಲಿಗರಿಗೆ ಹುದ್ದೆ, ಗುತ್ತಿಗೆ, ನಾಮನಿರ್ದೇಶನ ಕೊಟ್ಟು ಸಂಘಟನೆಯನ್ನು ಸಲಹುವುದು ಇನ್ನೊಂದು. ಷರತ್ತೇನೂ ಇಲ್ಲದೆ ತನ್ನ ಕ್ಷೇತ್ರಕ್ಕೆ ರಸ್ತೆ, ಕೆರೆ, ಕಾಲೇಜು ತರುವುದು ಮೂರನೆಯದು. ಯಾವ ಪಕ್ಷದವನೆಂದು ಕೇಳದೆ, ಮನೆ ಬಾಗಿಲಿಗೆ ಬಂದವನ ಪರವಾಗಿ ಶಾಸಕರು ಅಧಿಕಾರಿಗೆ ಫೋನ್ ಮಾಡುವುದು ನಾಲ್ಕನೆಯದು. ಇವು ನಾಲ್ಕೂ ಒಬ್ಬನೇ ನಾಯಕನ ಒಂದೇ ದಿನದಲ್ಲಿ ನಡೆಯಬಹುದು. ಆದರೆ ಮೊದಲನೆಯದಕ್ಕೆ ಇರುವ ಪುರಾವೆ ನಾಲ್ಕನೆಯದಕ್ಕೆ ಪುರಾವೆಯಾಗುವುದಿಲ್ಲ.

ಪೋಷಕ–ಅನುಯಾಯಿ ಸಂಬಂಧದ ಬಗ್ಗೆ ಜೇಮ್ಸ್ ಸ್ಕಾಟ್ 1972ರಲ್ಲಿ ಆಗ್ನೇಯ ಏಷ್ಯಾವನ್ನು ಆಧರಿಸಿ ಬರೆದ ಪ್ರಬಂಧವನ್ನು ಓದದೆ ಮುಂದೆ ಹೋಗಬಾರದು. ಸಂಬಂಧ ಅಸಮಾನವಾಗಿರುತ್ತದೆ, ಮುಖಾಮುಖಿ ಪರಿಚಯದ್ದಾಗಿರುತ್ತದೆ, ಒಂದೇ ವ್ಯವಹಾರಕ್ಕೆ ಸೀಮಿತವಾಗದೆ ಬದುಕಿನ ಹಲವು ಕಡೆ ಹಬ್ಬಿರುತ್ತದೆ ಎಂಬ ಮೂರು ಗುಣಗಳನ್ನು ಅದು ಸ್ಪಷ್ಟಪಡಿಸುತ್ತದೆ. ಇವನ್ನು ನಮ್ಮ ನೆಲಕ್ಕೆ ತಂದು ಪರೀಕ್ಷಿಸುವಾಗ ಜನರ ಬಾಯಲ್ಲಿರುವ ಮಾತುಗಳನ್ನೇ ಆಧಾರವಾಗಿಟ್ಟುಕೊಳ್ಳಿ. ‘ವಶೀಲಿ’ ಎಂಬುದು ಬಲದ ಮಾತು, ‘ಶಿಫಾರಸು’ ಕಾಗದದ ಮಾತು, ‘ಒಂದು ಮಾತು ಹೇಳಿಸುವುದು’ ಮಧ್ಯವರ್ತಿಯ ಮಾತು. ‘ಋಣ’ ಎಂದಾಗ ಜನ ಗೌರವದಿಂದ ಮಾತನಾಡುತ್ತಾರೆ, ‘ಹಂಗು’ ಎಂದಾಗ ಅವಮಾನದಿಂದ ಮಾತನಾಡುತ್ತಾರೆ. ಒಂದೇ ಉಪಕಾರವನ್ನು ಒಬ್ಬರು ಋಣ ಎಂದು, ಪಕ್ಕದ ಮನೆಯವರು ಹಂಗು ಎಂದು ಕರೆಯುವುದೇಕೆ ಎಂಬ ಪ್ರಶ್ನೆಯೊಂದೇ ಒಂದು ಅಧ್ಯಾಯವನ್ನು ಹೊರಬಲ್ಲದು. ಈ ಪದಗಳನ್ನೆಲ್ಲ ‘ಭ್ರಷ್ಟಾಚಾರ’ ಎಂಬ ಒಂದೇ ಚೀಲಕ್ಕೆ ಹಾಕಿದರೆ ಆ ಅಧ್ಯಾಯ ಕೈತಪ್ಪುತ್ತದೆ.

ಎರಡನೆಯ ಹೆಜ್ಜೆ: ಸವಲತ್ತನ್ನು ಆರಿಸುವುದು

ಇಲ್ಲಿ ಅವಸರ ಬೇಡ. ಎರಡು ತಿಂಗಳು ಹಿಡಿದರೂ ಚಿಂತೆಯಿಲ್ಲ. ಆಯ್ಕೆಗೆ ನಾನು ಬಳಸುವ ಅಳತೆಗೋಲು ವಿವೇಚನಾಧಿಕಾರ: ಈ ಸವಲತ್ತು ನಿಯಮದಿಂದ ತಾನಾಗಿ ಸಿಗುತ್ತದೆಯೇ, ಅಥವಾ ಯಾರಾದರೂ ‘ಆಗಲಿ’ ಎನ್ನಬೇಕೇ? ‘ಆಗಲಿ’ ಎನ್ನುವವರು ಚುನಾಯಿತರೇ, ನಾಮನಿರ್ದೇಶಿತರೇ, ನೌಕರರೇ?

ಬಗರ್ ಹುಕುಂ ಸಾಗುವಳಿಯ, ಅಂದರೆ ಸರ್ಕಾರಿ ಜಮೀನನ್ನು ಅನುಮತಿಯಿಲ್ಲದೆ ಉಳುತ್ತಾ ಬಂದದ್ದರ, ಸಕ್ರಮೀಕರಣ ಈ ದೃಷ್ಟಿಯಿಂದ ಬಹಳ ಒಳ್ಳೆಯ ವಿಷಯ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 94-ಎ ಕಲಮಿನ ಪ್ರಕಾರ ರಚನೆಯಾಗುವ ಸಮಿತಿಗೆ ಕ್ಷೇತ್ರದ ಶಾಸಕರು ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ, ಉಳಿದಂತೆ ಸರ್ಕಾರ ನಾಮನಿರ್ದೇಶನ ಮಾಡುವ ಅಧಿಕಾರೇತರ ಸದಸ್ಯರು. ರೈತರು ಮೊದಲು ನಮೂನೆ 50, ಆಮೇಲೆ ನಮೂನೆ 53, 2018ರಿಂದೀಚೆಗೆ ನಮೂನೆ 57 ಎಂದು ಅಲೆಅಲೆಯಾಗಿ ಅರ್ಜಿ ಹಾಕಿದ್ದಾರೆ. ಅರ್ಜಿ ಕೊಟ್ಟವರು ತೀರಿಕೊಂಡು ಮಕ್ಕಳು ಅದನ್ನು ಹಿಡಿದು ಓಡಾಡುತ್ತಿರುವ ಮನೆಗಳಿವೆ. ಸಮಿತಿ ಸಭೆ ಸೇರಬೇಕು, ಸ್ಥಳ ತನಿಖೆ ಆಗಬೇಕು, ಹೆಸರು ನಡಾವಳಿಯಲ್ಲಿ ಬರಬೇಕು, ಆಮೇಲೆ ಸಾಗುವಳಿ ಚೀಟಿ ಕೈಗೆ ಸಿಗಬೇಕು. ಇಷ್ಟು ಮೆಟ್ಟಿಲುಗಳಿರುವುದರಿಂದ ಯಾವ ಮೆಟ್ಟಿಲಲ್ಲಿ ಯಾರ ಅರ್ಜಿ ನಿಂತಿತು ಎಂಬುದನ್ನು ದಾಖಲೆಯಿಂದಲೇ ಗುರುತಿಸಬಹುದು. ಅರ್ಜಿ, ತಿರಸ್ಕಾರ, ಬಾಕಿ, ಮಂಜೂರು ಎಂಬ ನಾಲ್ಕು ಗುಂಪುಗಳೂ ಕಾಗದದ ಮೇಲೆ ಇರುವ ಇಂಥ ವಿಷಯ ಸಂಶೋಧಕರಿಗೆ ವಿರಳವಾಗಿ ಸಿಗುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಶಾಲಾ ಶಿಕ್ಷಕರ ವರ್ಗಾವಣೆ. ಒಂದು ಕಾಲದಲ್ಲಿ ಶಾಸಕರ ಮನೆಯ ಮುಂದೆ ನಿಲ್ಲುವವರಲ್ಲಿ ಶಿಕ್ಷಕರು ದೊಡ್ಡ ಸಂಖ್ಯೆಯಲ್ಲಿರುತ್ತಿದ್ದರು. 2007ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ ಮತ್ತು ಅದರ ಜಾಗಕ್ಕೆ ಬಂದ 2020ರ ಕಾಯ್ದೆ ಸೇವಾ ಅವಧಿ, ಆದ್ಯತೆಯ ಪಟ್ಟಿ, ಕೌನ್ಸೆಲಿಂಗ್ ಎಂಬ ಕ್ರಮವನ್ನು ತಂದವು. ಇನ್ನೂ ಹಲವು ಇಲಾಖೆಗಳಲ್ಲಿ ವರ್ಗಾವಣೆ ಶಿಫಾರಸು ಪತ್ರಗಳ ಮೇಲೆಯೇ ನಡೆಯುತ್ತದೆ. ಒಂದೇ ಜಿಲ್ಲೆಯಲ್ಲಿ ಕೌನ್ಸೆಲಿಂಗ್ ಇರುವ ಇಲಾಖೆ, ಇಲ್ಲದಿರುವ ಇಲಾಖೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ನಿಯಮ ಬಿಗಿಯಾದಾಗ ಪೋಷಕತ್ವ ಸಾಯುತ್ತದೆಯೇ ಅಥವಾ ಬೇರೆ ಬಿರುಕು ಹುಡುಕಿಕೊಳ್ಳುತ್ತದೆಯೇ ಎಂಬುದು ತಿಳಿಯುತ್ತದೆ.

ಮೂರನೆಯ ಬಗೆ, ನಿಯಮ ಬಹುತೇಕ ತಾನಾಗಿ ಕೆಲಸ ಮಾಡುವ ಸವಲತ್ತು. 2023ರ ಗ್ಯಾರಂಟಿ ಯೋಜನೆಗಳಲ್ಲಿ ಶಕ್ತಿ ಯೋಜನೆಯ ಬಸ್ ಹತ್ತಲು ಯಾವ ಮುಖಂಡರ ಚೀಟಿಯೂ ಬೇಕಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ನೇರವಾಗಿ ಖಾತೆಗೆ ಬರುತ್ತದೆ. ಹಾಗಾದರೆ ಊರಿನ ಕಾರ್ಯಕರ್ತನಿಗೆ ಮಾಡಲು ಉಳಿದ ಕೆಲಸ ಯಾವುದು? ಆಡಳಿತ ಪಕ್ಷದ ಒಳಗೇ ಈ ಪ್ರಶ್ನೆ ಎದ್ದಿತ್ತು. 2024ರಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು ಮಟ್ಟಗಳಲ್ಲಿ ಗ್ಯಾರಂಟಿ ಅನುಷ್ಠಾನ ಸಮಿತಿಗಳು ರಚನೆಯಾಗಿ ಪಕ್ಷದ ಕಾರ್ಯಕರ್ತರು ಅವುಗಳಿಗೆ ನೇಮಕಗೊಂಡದ್ದು, ಅವರ ಗೌರವಧನದ ಬಗ್ಗೆ ವಿರೋಧ ಪಕ್ಷಗಳು ಸದನದಲ್ಲಿ ಆಕ್ಷೇಪ ಎತ್ತಿದ್ದು ಇದಕ್ಕೆ ಸಂಬಂಧಿಸಿದ ಬೆಳವಣಿಗೆಗಳು. ನಿಯಮಬದ್ಧ ಯೋಜನೆಯೊಂದರ ಮೇಲೆ ಪಕ್ಷ ತನ್ನ ಜನರನ್ನು ಹೇಗೆ ಕೂರಿಸುತ್ತದೆ ಎಂಬುದು ನಮ್ಮ ಕಾಲದ ಬಹು ಮುಖ್ಯ ಪ್ರಶ್ನೆಗಳಲ್ಲೊಂದು ಎಂದು ನಾನು ನಂಬುತ್ತೇನೆ.

ನಿಗಮ–ಮಂಡಳಿಗಳ ನೇಮಕವೂ ಪಕ್ಷದ ಒಳಗಿನ ಪೋಷಕತ್ವಕ್ಕೆ ಒಳ್ಳೆಯ ಕನ್ನಡಿ. ಸಂವಿಧಾನದ 91ನೇ ತಿದ್ದುಪಡಿ 2003ರಲ್ಲಿ ಬಂದ ಮೇಲೆ ಸಚಿವ ಸಂಪುಟ ಸದನದ ಸದಸ್ಯಬಲದ ಶೇ 15ನ್ನು ಮೀರುವಂತಿಲ್ಲ. 224 ಸ್ಥಾನಗಳ ನಮ್ಮ ವಿಧಾನಸಭೆಗೆ ಅದು ಮುಖ್ಯಮಂತ್ರಿ ಸೇರಿ 34. ಸಂಪುಟದಲ್ಲಿ ಜಾಗ ಸಿಗದ ಶಾಸಕರನ್ನೂ ಟಿಕೆಟ್ ಸಿಗದ ಮುಖಂಡರನ್ನೂ ಸಮಾಧಾನಪಡಿಸುವ ಜಾಗ ನಿಗಮಗಳಾಗಿವೆ. ನೇಮಕದ ಆದೇಶಗಳು ಸಾರ್ವಜನಿಕ ದಾಖಲೆ. ಹತ್ತಿಪ್ಪತ್ತು ವರ್ಷಗಳ ಪಟ್ಟಿ ಮಾಡಿ ಯಾರು, ಯಾವ ಜಿಲ್ಲೆ, ಯಾವ ಸಮುದಾಯ, ಹಿಂದಿನ ಚುನಾವಣೆಯಲ್ಲಿ ಏನಾಗಿದ್ದರು ಎಂದು ಗುರುತಿಸುವ ಕೆಲಸವನ್ನು ಗ್ರಂಥಾಲಯದಲ್ಲಿ ಕುಳಿತೇ ಮಾಡಬಹುದು. ಮನೆ ಬಿಟ್ಟು ತಿಂಗಳುಗಟ್ಟಲೆ ಹೊರಗಿರಲು ಸಾಧ್ಯವಿಲ್ಲದ ಸಂಶೋಧಕರಿಗೆ ಈ ವಿಷಯವನ್ನು ನಾನು ಸೂಚಿಸುತ್ತೇನೆ.

ಮೂರನೆಯ ಹೆಜ್ಜೆ: ಜಿಲ್ಲೆಯ ಹಿಂದಿನ ಕಥೆ

ಕರ್ನಾಟಕವನ್ನು ಒಂದೇ ಘಟಕವಾಗಿ ತೆಗೆದುಕೊಳ್ಳುವುದು ಈ ವಿಷಯದಲ್ಲಿ ದೊಡ್ಡ ತಪ್ಪು. 1956ರಲ್ಲಿ ಒಂದಾದ ಪ್ರದೇಶಗಳಿಗೆ ಬೇರೆ ಬೇರೆ ಪೋಷಕರಿದ್ದರು. ಹಳೆಯ ಮೈಸೂರಿನಲ್ಲಿ ಪಟೇಲ ಮತ್ತು ಶಾನುಭೋಗರ ಮೂಲಕ ರಾಜ್ಯಾಡಳಿತ ಹಳ್ಳಿಗೆ ತಲುಪುತ್ತಿತ್ತು, ನಿಜಾಮರ ಆಳ್ವಿಕೆಯಲ್ಲಿದ್ದ ಜಿಲ್ಲೆಗಳಲ್ಲಿ ಜಾಗೀರುದಾರರಿದ್ದರು, ಕರಾವಳಿಯಲ್ಲಿ ಧಣಿ ಮತ್ತು ಒಕ್ಕಲಿನ ಸಂಬಂಧ ಗೇಣಿಯ ಮೇಲೆ ನಿಂತಿತ್ತು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆಯಿತು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣಾ ತಿದ್ದುಪಡಿ ಗೇಣಿದಾರನನ್ನು ಧಣಿಯ ಹಂಗಿನಿಂದ ಬಿಡಿಸಿತು. ಆದರೆ ಗೇಣಿದಾರ ಅರ್ಜಿ ಹಿಡಿದು ನಿಂತದ್ದು ಸಹಾಯಕ ಆಯುಕ್ತರ ಜೊತೆ ಸರ್ಕಾರ ನಾಮನಿರ್ದೇಶನ ಮಾಡಿದ ಅಧಿಕಾರೇತರ ಸದಸ್ಯರೂ ಇದ್ದ ಭೂ ನ್ಯಾಯಮಂಡಳಿಯ ಮುಂದೆ. ಧಣಿಯ ಚಾವಡಿಯಿಂದ ತಾಲ್ಲೂಕು ಕಚೇರಿಗೆ ಪೋಷಕತ್ವ ಸ್ಥಳ ಬದಲಿಸಿದ ಆ ಹತ್ತು ವರ್ಷಗಳನ್ನು ಅರ್ಥಮಾಡಿಕೊಳ್ಳದೆ ಇಂದಿನ ಶಾಸಕರ ಮನೆಯ ಮುಂದಿನ ಸಾಲನ್ನು ಅರ್ಥಮಾಡಿಕೊಳ್ಳಲಾಗದು. ಹೀಗೆ ಅರ್ಜಿ ಹಾಕಿ ಗೇಣಿದಾರ ತನ್ನದಾಗಿಸಿಕೊಂಡ ಜಮೀನನ್ನು ಕರಾವಳಿಯ ಹಿರಿಯರು ಈಗಲೂ ‘ಡಿಕ್ಲರೇಷನ್ ಆದ ಜಾಗ’ ಎಂದು ಹೇಳುವಾಗ ಅವರ ದನಿಯನ್ನು ಗಮನಿಸಿ. ಕೆಲವರಿಗೆ ಅದು ಬಿಡುಗಡೆಯ ನೆನಪು, ಕೆಲವರಿಗೆ ನಷ್ಟದ ನೆನಪು.

ಬೆಳಗಾವಿ ಜಿಲ್ಲೆಯನ್ನು ಆರಿಸಿಕೊಂಡವರಿಗೆ ಒಂದು ಅನುಕೂಲವಿದೆ. ಮೈರನ್ ವೀನರ್ ಕಾಂಗ್ರೆಸ್ ಪಕ್ಷದ ಸಂಘಟನೆಯ ಮೇಲೆ 1967ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಯ್ದ ಐದು ಸ್ಥಳಗಳಲ್ಲಿ ಬೆಳಗಾವಿಯೂ ಒಂದು. ಅರ್ಧ ಶತಮಾನಕ್ಕೂ ಹಿಂದೆ ಪಕ್ಷದ ಜಿಲ್ಲಾ ಘಟಕ ಸಹಕಾರಿ ಸಂಘ, ಆಡಳಿತ ಮತ್ತು ಜಾತಿಯ ನಡುವೆ ಹೇಗೆ ಕೆಲಸ ಮಾಡುತ್ತಿತ್ತು ಎಂಬ ಚಿತ್ರ ಸಿದ್ಧವಾಗಿ ಸಿಗುತ್ತದೆ; ನೀವು ಅದೇ ಪ್ರಶ್ನೆಗಳನ್ನು ಇಂದು ಕೇಳಿ ಹೋಲಿಸಬಹುದು. ಸಕ್ಕರೆ ಕಾರ್ಖಾನೆ, ಜಿಲ್ಲಾ ಸಹಕಾರಿ ಬ್ಯಾಂಕು, ಪ್ರಾಥಮಿಕ ಪತ್ತಿನ ಸಂಘ ಇವುಗಳ ಚುನಾವಣೆಗಳನ್ನು ಬಿಟ್ಟು ಅಲ್ಲಿನ ಪಕ್ಷಗಳ ಬಗ್ಗೆ ಬರೆಯುವುದು ಅರ್ಧ ಕೆಲಸ.

ನಾಲ್ಕನೆಯ ಹೆಜ್ಜೆ: ದಾಖಲೆ ಸಂಗ್ರಹ

ಊರಿಗೆ ಹೋಗುವ ಮೊದಲು ಕಾಗದ ಕೈಯಲ್ಲಿರಬೇಕು. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದಗಳನ್ನು ಮೀರಬಾರದು ಎಂಬ ಮಿತಿಯಿದೆ. ಹೊಸಬರು ಒಂದೇ ಅರ್ಜಿಯಲ್ಲಿ ಹನ್ನೆರಡು ಪ್ರಶ್ನೆ ಬರೆದು ತಿರಸ್ಕಾರ ಪಡೆಯುತ್ತಾರೆ. ಫಲಾನುಭವಿಗಳ ಹೆಸರು ಕೇಳಿದರೆ ವೈಯಕ್ತಿಕ ಮಾಹಿತಿ ಎಂಬ ಉತ್ತರ ಬರುವ ಸಂಭವ ಹೆಚ್ಚು. ಆದ್ದರಿಂದ ಸಭಾ ನಡಾವಳಿಯ ಪ್ರತಿ, ಗ್ರಾಮವಾರು ಅರ್ಜಿಗಳ ಸಂಖ್ಯೆ, ಮಂಜೂರಾದ ಸಂಖ್ಯೆ, ಸಭೆ ನಡೆದ ದಿನಾಂಕಗಳು ಎಂದು ಬಿಡಿಬಿಡಿಯಾಗಿ ಕೇಳಿ. ಸಾಧ್ಯವಿದ್ದಲ್ಲಿ ಪ್ರತಿ ಕೇಳುವ ಬದಲು ಕಡತ ಪರಿಶೀಲನೆಗೆ ಅವಕಾಶ ಕೇಳಿ. ಕಾಯ್ದೆ ಅದನ್ನೂ ಹಕ್ಕೆಂದು ಒಪ್ಪಿದೆ. ಕಡತದ ಅಂಚಿನಲ್ಲಿ ಬರೆದ ಎರಡು ಸಾಲು, ಲಗತ್ತಿಸಿದ ಶಿಫಾರಸು ಪತ್ರ, ದಿನಾಂಕಗಳ ನಡುವಿನ ಅಂತರ ಇವೆಲ್ಲ ಪ್ರತಿಯಲ್ಲಿ ಕಾಣುವುದಿಲ್ಲ. ಒಂದು ಕಚೇರಿಯಲ್ಲಿ ನನಗೆ ಮೂರು ಬಾರಿ ‘ಕಡತ ಲಭ್ಯವಿಲ್ಲ’ ಎಂಬ ಉತ್ತರ ಬಂದಿತ್ತು. ಮೊದಲ ಮೇಲ್ಮನವಿಯ ವಿಚಾರಣೆಯ ದಿನ ಅದೇ ಕಡತ ಮೇಜಿನ ಮೇಲಿತ್ತು. ಮೇಲ್ಮನವಿಗೆ ಬೇಕಾದ ತಿಂಗಳುಗಳನ್ನು ಮೊದಲೇ ವೇಳಾಪಟ್ಟಿಯಲ್ಲಿ ಸೇರಿಸಿ. ಯುಜಿಸಿಯ 2022ರ ನಿಯಮಾವಳಿ ಪಿಎಚ್‌.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ ಕೊಡುತ್ತದೆ. ಮಾಹಿತಿ ಹಕ್ಕಿನ ಕೆಲಸವನ್ನು ಕೋರ್ಸ್‌ವರ್ಕ್ ನಡೆಯುತ್ತಿರುವಾಗಲೇ ಆರಂಭಿಸಿದರೆ ಒಂದು ವರ್ಷ ಉಳಿಯುತ್ತದೆ.

ಚುನಾವಣೆಯ ಅಂಕಿಅಂಶಕ್ಕೆ ಮತಗಟ್ಟೆವಾರು ಫಲಿತಾಂಶದ ನಮೂನೆ 20 ಮುಖ್ಯ ಆಕರ. ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಅದು ಸಿಗುತ್ತದೆ. ಕ್ಷೇತ್ರ ಮರುವಿಂಗಡಣೆ 2008ರ ಚುನಾವಣೆಗೆ ಅನ್ವಯವಾದ್ದರಿಂದ ಅದಕ್ಕೂ ಹಿಂದಿನ ಕ್ಷೇತ್ರಗಳೊಂದಿಗೆ ನೇರ ಹೋಲಿಕೆ ಸಲ್ಲದು. ಮತಗಟ್ಟೆಗಳ ಸಂಖ್ಯೆ ಮತ್ತು ಗಡಿಗಳೂ ಚುನಾವಣೆಯಿಂದ ಚುನಾವಣೆಗೆ ಬದಲಾಗುವುದರಿಂದ ಪ್ರತಿ ಮತಗಟ್ಟೆಯನ್ನು ಊರಿನ ಹೆಸರಿನಿಂದ ಜೋಡಿಸಿಕೊಳ್ಳಬೇಕು. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಮತಪತ್ರಗಳ ಕಾಲದಲ್ಲಿ ಹಲವು ಮತಗಟ್ಟೆಗಳ ಮತಪತ್ರಗಳನ್ನು ಬೆರೆಸಿ ಎಣಿಸುವ ಪದ್ಧತಿಯಿತ್ತು. ಮತಯಂತ್ರ ಬಂದ ಮೇಲೆ ಪ್ರತಿ ಮತಗಟ್ಟೆಯ ಲೆಕ್ಕ ಬಯಲಾಗುತ್ತದೆ. ವ್ಯಕ್ತಿಯ ಮತ ಗುಟ್ಟಾಗಿದ್ದರೂ ಕೇರಿಯ ಮತ ಗುಟ್ಟಾಗಿ ಉಳಿದಿಲ್ಲ. ‘ನಿಮ್ಮ ಬೂತ್‌ನಲ್ಲಿ ನಮಗೆ ಎಷ್ಟು ಬಿತ್ತು ಎಂದು ಗೊತ್ತಿದೆ’ ಎಂದು ಮುಖಂಡರು ಹೇಳಬಲ್ಲರಾದ್ದರಿಂದ, ಷರತ್ತಿನ ವಿನಿಮಯ ವ್ಯಕ್ತಿಯ ಮಟ್ಟದಲ್ಲಿ ಸಾಧ್ಯವಾಗದಿದ್ದರೂ ಊರಿನ ಮಟ್ಟದಲ್ಲಿ ಸಾಧ್ಯ. ನಿಮ್ಮ ಸಿದ್ಧಾಂತದ ಅಧ್ಯಾಯ ಈ ವ್ಯತ್ಯಾಸವನ್ನು ಗುರುತಿಸಲೇಬೇಕು.

ದಾಖಲೆಯನ್ನು ಓದುವಾಗ ಎಡವುವ ಜಾಗ ಒಂದಿದೆ. ಮಂಜೂರಾದವರಲ್ಲಿ ಹೆಚ್ಚಿನವರು ಗೆದ್ದ ಪಕ್ಷದ ಬೆಂಬಲಿಗರು ಎಂದು ಕಂಡ ಮಾತ್ರಕ್ಕೆ ಪಕ್ಷಪಾತ ಸಾಬೀತಾಗುವುದಿಲ್ಲ, ಏಕೆಂದರೆ ಆ ಊರಿನ ಬಡವರೆಲ್ಲ ಆ ಪಕ್ಷದ ಬೆಂಬಲಿಗರೇ ಆಗಿರಬಹುದು. ಅರ್ಹರ ಪೂರ್ಣ ಪಟ್ಟಿ, ಅರ್ಜಿ ಹಾಕಿದವರ ಪಟ್ಟಿ, ಪಡೆದವರ ಪಟ್ಟಿ ಮೂರೂ ಬೇಕು. ಅರ್ಹರಾಗಿದ್ದೂ ಅರ್ಜಿಯನ್ನೇ ಹಾಕದವರು ಎಲ್ಲಕ್ಕಿಂತ ಮುಖ್ಯ. ‘ನಮಗೆ ಹೇಳುವವರು ಯಾರೂ ಇಲ್ಲ’ ಎನ್ನುವ ಆ ಮನೆಗಳು ಯಾವ ಕಚೇರಿಯ ಕಡತದಲ್ಲೂ ಇರುವುದಿಲ್ಲ.

ಐದನೆಯ ಹೆಜ್ಜೆ: ಶಾಸಕರ ಮನೆಯ ಮುಂದೆ ಕೂರುವುದು

ಕ್ಷೇತ್ರಕಾರ್ಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಸಂದರ್ಶನವಲ್ಲ, ಕಾಯುವುದು. ಶಾಸಕರು ಕ್ಷೇತ್ರದಲ್ಲಿರುವ ದಿನಗಳಲ್ಲಿ ಬೆಳಿಗ್ಗೆ ಏಳಕ್ಕೆ ಅವರ ಮನೆಯ ಮುಂದೆ ಜನ ಸೇರುತ್ತಾರೆ. ಅನುಮತಿ ಪಡೆದು ಒಂದು ಮೂಲೆಯಲ್ಲಿ ಕುಳಿತು, ಬಂದ ಪ್ರತಿಯೊಬ್ಬರ ಬಗ್ಗೆ ಐದು ಸಂಗತಿಗಳನ್ನು ಬರೆದುಕೊಳ್ಳಿ: ಯಾವ ಊರಿನಿಂದ ಬಂದರು, ಒಬ್ಬರೇ ಬಂದರೇ ಅಥವಾ ಯಾರಾದರೂ ಕರೆತಂದರೇ, ಕೋರಿಕೆ ಏನು, ಎಷ್ಟು ಹೊತ್ತು ಕಾದರು, ಏನಾಯಿತು. ಹೆಸರು ಬೇಡ. ‘ಏನಾಯಿತು’ ಎಂಬುದರಲ್ಲಿ ಫೋನ್ ಮಾಡಿದರು, ಪತ್ರ ಕೊಟ್ಟರು, ಆಪ್ತ ಸಹಾಯಕರಿಗೆ ಹೇಳಿದರು, ‘ನೋಡೋಣ’ ಎಂದರು ಎಂಬ ನಾಲ್ಕು ಬಗೆಗಳನ್ನು ಬೇರೆ ಬೇರೆ ಗುರುತಿಸಿ. ಇಪ್ಪತ್ತು ಬೆಳಗುಗಳ ಇಂಥ ಟಿಪ್ಪಣಿ, ಮುನ್ನೂರು ಜನರ ಪ್ರಶ್ನಾವಳಿಗಿಂತ ಹೆಚ್ಚು ಹೇಳುತ್ತದೆ.

ಹಳೆಯ ಮೈಸೂರಿನ ಒಂದು ತಾಲ್ಲೂಕಿನಲ್ಲಿ ಹೀಗೆ ಕುಳಿತಿದ್ದಾಗ, ವಿಧವಾ ವೇತನ ನಿಂತುಹೋದ ಹೆಂಗಸೊಬ್ಬರು ತಮ್ಮ ಊರಿನ ಯುವಕನೊಬ್ಬನ ಜೊತೆ ಬಂದಿದ್ದರು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದುದು ತೊಂದರೆಯ ಮೂಲ. ಅದಕ್ಕೆ ಶಾಸಕರ ಅಗತ್ಯವೇ ಇರಲಿಲ್ಲ. ಆದರೂ ಆ ಯುವಕ ಅವರನ್ನು ಅಲ್ಲಿಗೇ ಕರೆತಂದ, ಶಾಸಕರಿಂದ ಒಂದು ಮಾತು ಹೇಳಿಸಿದ, ಆಮೇಲೆ ತಾನೇ ಬ್ಯಾಂಕಿಗೆ ಕರೆದುಕೊಂಡು ಹೋದ. ವೇತನ ಬಂತು. ಆ ಹೆಂಗಸಿನ ದೃಷ್ಟಿಯಲ್ಲಿ ಕೆಲಸ ಮಾಡಿಸಿಕೊಟ್ಟವರು ಯಾರು, ಶಾಸಕರೇ, ಯುವಕನೇ, ಪಕ್ಷವೇ, ಸರ್ಕಾರವೇ? ಮೂರು ತಿಂಗಳ ನಂತರ ಅವರ ಮನೆಯಲ್ಲಿ ಕೇಳಿದಾಗ ಅವರು ಹೇಳಿದ್ದು ಆ ಯುವಕನ ಹೆಸರು. ಪಕ್ಷದ ಹೆಸರನ್ನು ನಾನು ಕೇಳಿದ ಮೇಲೆ ಸ್ವಲ್ಪ ಯೋಚಿಸಿ ಹೇಳಿದರು. ಅಂದಿನಿಂದ ನನ್ನ ಪ್ರಶ್ನೆಗಳ ಕ್ರಮವೇ ಬದಲಾಯಿತು: ಮೊದಲು ‘ನಿಮ್ಮ ಕೆಲಸ ಯಾರಿಂದ ಆಯಿತು’ ಎಂದು ಕೇಳುತ್ತೇನೆ, ಪಕ್ಷದ ಪ್ರಶ್ನೆ ಕೊನೆಗೆ.

ಊರಿನ ಇಂಥ ಮಧ್ಯವರ್ತಿಗಳ ಜೊತೆ ಹೆಚ್ಚು ಸಮಯ ಕಳೆಯಿರಿ. ಜನ ಅವರನ್ನು ಮುಖಂಡರು, ಪುಢಾರಿ, ಏಜೆಂಟ್, ‘ನಮ್ಮ ಹುಡುಗ’ ಎಂದು ಸಂದರ್ಭಕ್ಕೆ ತಕ್ಕಂತೆ ಕರೆಯುತ್ತಾರೆ. ಯಾವಾಗ ಯಾವ ಪದ ಬಂತು ಎಂದು ಬರೆದಿಟ್ಟುಕೊಳ್ಳಿ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲವಾದರೂ ಫಲಿತಾಂಶದ ಸಂಜೆ ಎಲ್ಲ ಪಕ್ಷಗಳೂ ತಮ್ಮ ಬೆಂಬಲಿತರ ಲೆಕ್ಕ ಹೇಳುತ್ತವೆ. ಕಾಗದದ ಮೇಲೆ ಇಲ್ಲದ ಪಕ್ಷವನ್ನು ಹುಡುಕಲು ಪಂಚಾಯಿತಿಯೇ ತಕ್ಕ ಜಾಗ. ಥ್ಯಾಡ್ ಡನಿಂಗ್ ಮತ್ತು ಜಾನ್ಹವಿ ನಿಲೇಕಣಿ ಕರ್ನಾಟಕ ಸೇರಿ ಮೂರು ರಾಜ್ಯಗಳ ಪಂಚಾಯಿತಿಗಳ ಮೇಲೆ 2013ರಲ್ಲಿ ಪ್ರಕಟಿಸಿದ ಅಧ್ಯಯನ, ಅಧ್ಯಕ್ಷ ಸ್ಥಾನದ ಮೀಸಲಾತಿಯಿಂದ ಸವಲತ್ತಿನ ಹಂಚಿಕೆಯಲ್ಲಿ ಆಗುವ ಬದಲಾವಣೆ ನಿರೀಕ್ಷೆಗಿಂತ ಕಡಿಮೆ, ಪಕ್ಷದ ನಂಟಿನ ಪ್ರಭಾವ ಗಣನೀಯ ಎಂದು ತೋರಿಸಿತು. ಚಿಹ್ನೆಯಿಲ್ಲದ ಚುನಾವಣೆಯಲ್ಲಿ ಪಕ್ಷದ ನಂಟು ಹೇಗೆ ಕೆಲಸ ಮಾಡುತ್ತದೆ ಎಂಬ ವಿವರವನ್ನು ಊರಿನಲ್ಲಿ ಕುಳಿತು ಬರೆಯುವ ಕೆಲಸ ನಿಮ್ಮದಾಗಬಹುದು.

ನಿಮ್ಮ ಜಾತಿ ಯಾವುದು ಎಂದು ಊರಿನವರು ಮೊದಲ ದಿನವೇ ತಿಳಿದುಕೊಳ್ಳುತ್ತಾರೆ; ನೇರವಾಗಿ ಕೇಳದಿದ್ದರೆ ಊರು, ಮನೆದೇವರು ಕೇಳಿ ತಿಳಿಯುತ್ತಾರೆ. ಅದರಿಂದ ಕೆಲವು ಬಾಗಿಲುಗಳು ತೆರೆಯುತ್ತವೆ, ಕೆಲವು ಮುಚ್ಚುತ್ತವೆ. ಸಾಧ್ಯವಿದ್ದರೆ ಬೇರೆ ಸಮುದಾಯದ ಒಬ್ಬ ಸಹಾಯಕರನ್ನು ಇಟ್ಟುಕೊಂಡು, ಒಂದೇ ಪ್ರಶ್ನೆಗೆ ಇಬ್ಬರಿಗೂ ಸಿಕ್ಕ ಉತ್ತರಗಳನ್ನು ಹೋಲಿಸಿ, ವ್ಯತ್ಯಾಸವನ್ನು ಪ್ರಬಂಧದಲ್ಲಿ ಮುಚ್ಚಿಡದೆ ಬರೆಯಿರಿ. ಮುಖಂಡರ ವಾಹನದಲ್ಲಿ ಊರಿಗೆ ಹೋಗಬೇಡಿ. ಒಮ್ಮೆ ಹೋದರೆ ಆ ಊರಿನಲ್ಲಿ ನೀವು ಅವರ ಕಡೆಯವರು.

ಆರನೆಯ ಹೆಜ್ಜೆ: ಪಕ್ಷವನ್ನು ನಾಯಕನಿಂದ ಬೇರ್ಪಡಿಸುವುದು

ಪೋಷಕತ್ವ ಇರುವುದು ನಾಯಕನ ಬಳಿಯೇ, ಪಕ್ಷದ ಬಳಿಯೇ? ನಾಯಕ ಪಕ್ಷ ಬಿಟ್ಟಾಗ ಮಾತ್ರ ಇದಕ್ಕೆ ಉತ್ತರ ಕಾಣಿಸುತ್ತದೆ. 2019ರ ಜುಲೈನಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್‌ ಕಡೆಯ 17 ಶಾಸಕರು ಅನರ್ಹಗೊಂಡರು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಅನರ್ಹಗೊಂಡವರಲ್ಲಿ 13 ಮಂದಿ ಬಿಜೆಪಿಯಿಂದ ಸ್ಪರ್ಧಿಸಿ 11 ಮಂದಿ ಗೆದ್ದರು. ಹುಣಸೂರು ಮತ್ತು ಹೊಸಕೋಟೆಯಲ್ಲಿ ಮಾತ್ರ ಸೋತರು. ಬಿಜೆಪಿಗೆ ಅಲ್ಲಿಯವರೆಗೆ ನೆಲೆಯೇ ಇರದಿದ್ದ ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆಯಲ್ಲಿ ಪಕ್ಷ ಬದಲಿಸಿದ ಶಾಸಕರೇ ಗೆದ್ದರು. ಮೇಲ್ನೋಟಕ್ಕೆ ನಾಯಕನೇ ಎಲ್ಲ ಎಂಬ ತೀರ್ಮಾನ ಬರುತ್ತದೆ. ಅಷ್ಟಕ್ಕೆ ನಿಲ್ಲಬೇಡಿ. 2018 ಮತ್ತು 2019ರ ನಮೂನೆ 20ಗಳನ್ನು ಮತಗಟ್ಟೆವಾರು ಜೋಡಿಸಿ, ನಾಯಕನ ಹಳೆಯ ಮತಗಳು ಯಾವ ಊರುಗಳಲ್ಲಿ ಅವನ ಹಿಂದೆ ಹೋದವು, ಯಾವ ಊರುಗಳಲ್ಲಿ ಹಳೆಯ ಪಕ್ಷದ ಜೊತೆ ಉಳಿದವು ಎಂದು ನೋಡಿ. ಆಮೇಲೆ ಎರಡೂ ಬಗೆಯ ಊರುಗಳಿಗೆ ಹೋಗಿ ಅಲ್ಲಿನ ಮುಖಂಡರನ್ನು ಕೇಳಿ. ಆಡಳಿತ ಪಕ್ಷಕ್ಕೆ ಉಪಚುನಾವಣೆಯಲ್ಲಿ ಇರುವ ಅನುಕೂಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ‘ಗೆದ್ದರೆ ಸಚಿವರಾಗುತ್ತಾರೆ’ ಎಂಬ ಮಾತು ಅಲ್ಲಿ ಬಹಿರಂಗ ಸಭೆಗಳಲ್ಲಿಯೇ ಕೇಳಿಬಂದಿತ್ತು. ಹೋಲಿಕೆಗೆ ಸೋತ ಎರಡು ಕ್ಷೇತ್ರಗಳನ್ನು ಬಿಡಬೇಡಿ. ಗೆದ್ದ ಹನ್ನೊಂದಕ್ಕಿಂತ ಅವು ಹೆಚ್ಚು ಕಲಿಸುತ್ತವೆ.

ಏಳನೆಯ ಹೆಜ್ಜೆ: ಸೂಕ್ಷ್ಮ ಪ್ರಶ್ನೆಗಳು ಮತ್ತು ಜನರ ರಕ್ಷಣೆ

‘ಮತಕ್ಕೆ ದುಡ್ಡು ತೆಗೆದುಕೊಂಡಿರಾ’ ಎಂದು ನೇರವಾಗಿ ಕೇಳುವುದು ನಿಷ್ಪ್ರಯೋಜಕ, ಅಪಾಯಕಾರಿಯೂ ಹೌದು. ಮತಕ್ಕಾಗಿ ಕೊಡುವುದಷ್ಟೇ ಅಲ್ಲ, ಪಡೆಯುವುದೂ ಅಪರಾಧ. ವಕೀಲ ಮತ್ತು ಕಕ್ಷಿದಾರನ ನಡುವಿನ ಮಾತಿಗೆ ಇರುವ ಕಾನೂನಿನ ರಕ್ಷಣೆ ಸಂಶೋಧಕರ ಟಿಪ್ಪಣಿಗೆ ಇಲ್ಲ. ಇಂಥ ಕಡೆ ಪಟ್ಟಿ ಪ್ರಯೋಗ ಎಂಬ ವಿಧಾನವಿದೆ. ಅರ್ಧ ಜನರಿಗೆ ಚುನಾವಣೆಯ ಸಮಯದಲ್ಲಿ ನಡೆಯಬಹುದಾದ ನಾಲ್ಕು ಸಾಮಾನ್ಯ ಸಂಗತಿಗಳ ಪಟ್ಟಿ ಕೊಟ್ಟು, ಇವುಗಳಲ್ಲಿ ಎಷ್ಟು ನಿಮ್ಮ ಮನೆಯಲ್ಲಿ ನಡೆದವು ಎಂದು ಸಂಖ್ಯೆ ಮಾತ್ರ ಕೇಳುತ್ತೇವೆ. ಉಳಿದ ಅರ್ಧ ಜನರಿಗೆ ಅದೇ ಪಟ್ಟಿಗೆ ಐದನೆಯದಾಗಿ ಸೂಕ್ಷ್ಮ ಸಂಗತಿಯನ್ನು ಸೇರಿಸಿ ಕೇಳುತ್ತೇವೆ. ಎರಡು ಗುಂಪುಗಳ ಸರಾಸರಿಯ ವ್ಯತ್ಯಾಸವೇ ಸೂಕ್ಷ್ಮ ಸಂಗತಿಯ ಪ್ರಮಾಣದ ಅಂದಾಜು. ಯಾರು ಏನು ಹೇಳಿದರು ಎಂಬುದು ನಮಗೂ ಗೊತ್ತಾಗುವುದಿಲ್ಲ. ಇದಕ್ಕೆ ದೊಡ್ಡ ಸಂಖ್ಯೆಯ ಪ್ರತಿಕ್ರಿಯೆಗಳು ಬೇಕು. ಇನ್ನೂರು ಮುನ್ನೂರು ಜನರ ಮೇಲೆ ಮಾಡಿದರೆ ಬರುವ ಅಂಕಿಗೆ ಅರ್ಥವಿರುವುದಿಲ್ಲ.

ಸಮ್ಮತಿ ಪತ್ರಕ್ಕೆ ಸಹಿ ಕೇಳುವುದು ವಿಶ್ವವಿದ್ಯಾಲಯದ ಕ್ರಮ. ಆದರೆ ಅರ್ಜಿ ಹಿಡಿದು ಕಚೇರಿ ಸುತ್ತಿದವರಿಗೆ ಹೆಬ್ಬೆಟ್ಟು, ಸಹಿ ಎಂದರೆ ಭಯ. ಮೌಖಿಕ ಸಮ್ಮತಿಗೆ ವಿಶ್ವವಿದ್ಯಾಲಯದ ನೀತಿ ಸಮಿತಿಯಿಂದ (ಎಥಿಕ್ಸ್ ಕಮಿಟಿ) ಮೊದಲೇ ಒಪ್ಪಿಗೆ ಪಡೆಯಿರಿ. ಊರಿನ ಹೆಸರು ಬದಲಿಸಿದರೂ ಸಾಲದು; ‘ಸಕ್ಕರೆ ಕಾರ್ಖಾನೆಯ ಪಕ್ಕದ, ಮೂರು ಕೆರೆಗಳಿರುವ ಊರು’ ಎಂದು ಬರೆದರೆ ತಾಲ್ಲೂಕಿನವರೆಲ್ಲ ಗುರುತಿಸುತ್ತಾರೆ. ಪ್ರಬಂಧ ಕೊನೆಗೆ ಪಿಎಚ್‌.ಡಿ. ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾದಲ್ಲಿ ಎಲ್ಲರಿಗೂ ಸಿಗುವಂತೆ ಇರುತ್ತದೆ ಎಂಬುದನ್ನು ಮೊದಲ ಟಿಪ್ಪಣಿ ಬರೆಯುವಾಗಲೇ ನೆನಪಿಡಿ. ಮಾದರಿ ನೀತಿಸಂಹಿತೆ ಜಾರಿಯಲ್ಲಿರುವ ವಾರಗಳಲ್ಲಿ ಮನೆಮನೆ ಸಮೀಕ್ಷೆ ಬೇಡ. ನಿಮ್ಮ ಚೀಲದಲ್ಲಿರುವ ಪಟ್ಟಿಯನ್ನು ಪಕ್ಷದ ಮತದಾರರ ಪಟ್ಟಿಯೆಂದೇ ಎಲ್ಲರೂ ತಿಳಿಯುತ್ತಾರೆ. ಆ ದಿನಗಳನ್ನು ಸಭೆಗಳನ್ನು ನೋಡುವುದಕ್ಕೆ, ಕರಪತ್ರ ಸಂಗ್ರಹಿಸುವುದಕ್ಕೆ ಮೀಸಲಿಡಿ.

ಬರವಣಿಗೆಯ ಹಂತ

ಮೊದಲು ಬರೆಯಬೇಕಾದದ್ದು ಸಿದ್ಧಾಂತದ ಅಧ್ಯಾಯವಲ್ಲ, ಸವಲತ್ತಿನ ದಾರಿಯ ಅಧ್ಯಾಯ. ಅರ್ಜಿ ಎಲ್ಲಿ ಹುಟ್ಟಿತು, ಯಾವ ಮೇಜು ದಾಟಿತು, ಎಲ್ಲಿ ನಿಂತಿತು, ಯಾರ ಮಾತಿನಿಂದ ಹೊರಟಿತು ಎಂಬುದನ್ನು ಒಂದೇ ಒಂದು ಅರ್ಜಿಯ ಕಥೆಯಾಗಿ ಬರೆದು, ಆಮೇಲೆ ಉಳಿದ ಅರ್ಜಿಗಳು ಅದಕ್ಕಿಂತ ಹೇಗೆ ಭಿನ್ನ ಎಂದು ತೋರಿಸಿ. ಪ್ರಬಂಧ ಇಂಗ್ಲಿಷಿನಲ್ಲಿದ್ದರೂ ಸಂದರ್ಶನದ ಮಾತುಗಳನ್ನು ಕನ್ನಡದಲ್ಲಿಯೇ ಉಳಿಸಿಕೊಂಡು ಪಕ್ಕದಲ್ಲಿ ಅನುವಾದ ಕೊಡಿ; ‘ಹಂಗು’ ಎಂಬ ಪದ ಕಳೆದುಹೋದರೆ ಅದರ ಜೊತೆ ವಾದವೂ ಕಳೆದುಹೋಗುತ್ತದೆ. ಗ್ರಾಮವಾರು ಅರ್ಜಿ ಮತ್ತು ಮಂಜೂರಾತಿಯ ಕೋಷ್ಟಕ ಸಿದ್ಧವಾದ ಮೇಲೆ ಅದರ ಪ್ರತಿಯನ್ನು ನೀವು ಕೆಲಸ ಮಾಡಿದ ಊರುಗಳ ಗ್ರಾಮಸಭೆಯಲ್ಲಿ ಓದಿ ಹೇಳಿ. ನಾನು ಹಾಗೆ ಓದಿದ ದಿನ, ಇಪ್ಪತ್ತು ವರ್ಷಗಳಿಂದ ಅರ್ಜಿ ಬಾಕಿಯಿದ್ದ ಒಬ್ಬ ಹಿರಿಯರು ಎದ್ದು ನಿಂತು, ನಮ್ಮ ಪಕ್ಕದ ಊರಿಗೆ ಸಮಿತಿ ಎಷ್ಟು ಸಲ ಬಂದಿತ್ತು ಎಂಬುದನ್ನು ಇನ್ನೊಮ್ಮೆ ಓದಿ ಎಂದು ಕೇಳಿದರು. ಆ ಸಾಲನ್ನು ಎರಡು ಬಾರಿ ಓದಿದೆ, ಪಂಚಾಯಿತಿ ಕಾರ್ಯದರ್ಶಿ ಅದನ್ನು ನಡಾವಳಿಯಲ್ಲಿ ಬರೆದುಕೊಂಡರು.